ಅಗ್ಗದ್ದೋ, ದುಬಾರಿಯದೋ? ನೇಲ್ ಪಾಲಿಶ್, ಮೇಕಪ್ ಕೊಳ್ಳುವ ಮೊದಲು ಹೋಲಿಸಿ ನೋಡುವ ಬಗೆ

ಎಡಗೈಯ ಐದು ಬೆರಳಿಗೆ ಕಮ್ಮಿ ಬೆಲೆಯ ಕೆಂಪು, ಬಲಗೈಯ ಐದಕ್ಕೆ ದುಬಾರಿ ಕೆಂಪು. ನೇಲ್ ಪಾಲಿಶ್ ಹೋಲಿಸಿ ನೋಡಬೇಕು ಅಂತ ನಾನು ಮೊದಲ ಸಲ ಕೂತಾಗ ಮಾಡಿದ್ದು ಇಷ್ಟೇ. ಮೂರನೇ ದಿನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಚಕ್ಕೆ ಎದ್ದಿತು. ಎಡಗೈ ಹಚ್ಚಿದ ದಿನ ಇದ್ದ ಹಾಗೇ ಇತ್ತು. ಅಗ್ಗದ್ದೇ ಮೇಲು ಅಂದುಕೊಂಡೆ. ವಾರ ಕಳೆದು ಮತ್ತೆ ಹಚ್ಚುವಾಗ ಬಾಟಲಿಗಳನ್ನು ಅದಲುಬದಲು ಮಾಡಿದೆ. ಆಗಲೂ ಮೊದಲು ಚಕ್ಕೆ ಎದ್ದದ್ದು ಬಲಗೈ ಹೆಬ್ಬೆರಳಿನಲ್ಲೇ! ಪಾತ್ರೆ ಉಜ್ಜುವುದು, ಮುಚ್ಚಳ ತಿರುಗಿಸುವುದು, ಅಂಟಿದ ಚೀಟಿ ಕೀಳುವುದು ಎಲ್ಲ ಆ ಕೈಯಲ್ಲೇ ತಾನೇ.

ಅವತ್ತಿನಿಂದ ಬೆರಳು ಬಿಟ್ಟು ಬೆರಳು ಹಚ್ಚುತ್ತೇನೆ. ಎರಡು ಕೈಯಲ್ಲೂ ಎರಡೂ ಬಣ್ಣ ಇರಬೇಕು. ಕೆಳಗೆ ಒಂದೇ ಬೇಸ್ ಕೋಟ್, ಮೇಲೆ ಒಂದೇ ಟಾಪ್ ಕೋಟ್. ಮುಂದಿನ ವಾರ ಬೆರಳು ಬದಲು. ಹೀಗೆ ಎರಡು ವಾರ ನೋಡಿದರೆ ಬಾಟಲಿಯ ಗುಣ ಎಷ್ಟು, ಕೈಗೆ ಬಿದ್ದ ಕೆಲಸ ಎಷ್ಟು ಅನ್ನುವುದು ಬೇರೆ ಬೇರೆಯಾಗಿ ಕಾಣುತ್ತದೆ.

ಹೀಗೆ ಹಚ್ಚಿ, ಅಳಿಸಿ, ಮತ್ತೆ ಹಚ್ಚಿ ನೋಡಿದ ಮೇಲೆ ನನಗೆ ಒಂದು ಲೆಕ್ಕ ಸಿಕ್ಕಿದೆ. ಅಗ್ಗದ ಸಾಮಾನಿನಲ್ಲಿ ಇರುವ ಕೊರತೆಯನ್ನು ನಾವೇ ಸರಿಮಾಡಿಕೊಳ್ಳಲು ಆಗುತ್ತದೆಯೇ? ಆಗುವುದಾದರೆ ಅಗ್ಗದ್ದೇ ತಗೊಳ್ಳಿ. ಏನು ಮಾಡಿದರೂ ಸರಿಹೋಗದ ಕೊರತೆಯಾದರೆ ದುಡ್ಡು ಅಲ್ಲಿ ಹಾಕಿ. ಬೆಲೆ ಚೀಟಿ ನೋಡುವ ಮೊದಲು ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಬಾಟಲಿಯ ಒಳಗೆ

ಮಾಮೂಲಿ ನೇಲ್ ಪಾಲಿಶ್ ಯಾವುದೇ ಇರಲಿ, ಒಳಗಿನ ಮೂಲ ಸಾಮಗ್ರಿ ಹೆಚ್ಚೂಕಮ್ಮಿ ಒಂದೇ. ಉಗುರಿನ ಮೇಲೆ ಪೊರೆ ಕಟ್ಟುವುದು ನೈಟ್ರೋಸೆಲ್ಯುಲೋಸ್. ಅದನ್ನು ಕರಗಿಸಿ ಇಟ್ಟುಕೊಳ್ಳುವುದು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರಾವಕಗಳು. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ಇವುಗಳದ್ದೇ. ಹೊಳಪಿಗೂ ಹಿಡಿತಕ್ಕೂ ಅಂಟಿನಂಥ ಒಂದು ರೆಸಿನ್. ಒಣಗಿದ ಪೊರೆ ಸೀಳದೆ ಸ್ವಲ್ಪ ಬಗ್ಗಲಿ ಅಂತ ಪ್ಲಾಸ್ಟಿಸೈಜರ್. ಬಣ್ಣದ ಪುಡಿ ತಳಕ್ಕೆ ಇಳಿಯದಿರಲಿ ಅಂತ ಒಂದು ಬಗೆಯ ಜೇಡಿ. 1920ರ ದಶಕದಲ್ಲಿ ಕಾರುಗಳಿಗೆ ಹೊಡೆಯುತ್ತಿದ್ದ ಬಣ್ಣವೂ ಇದೇ ನೈಟ್ರೋಸೆಲ್ಯುಲೋಸಿನದು. 1932ರಲ್ಲಿ ಶುರುವಾದ ರೆವ್ಲಾನ್ ಕಂಪನಿ ಹೆಸರು ಮಾಡಿದ್ದು ಉಗುರು ಪೂರ್ತಿ ಮುಚ್ಚುವ, ಪುಡಿ ಬೆರೆಸಿದ ಗಟ್ಟಿ ಬಣ್ಣದಿಂದ. ಅಲ್ಲಿಂದ ಇಲ್ಲಿಗೆ ಮೂಲ ಪಾಕ ಅಷ್ಟೇನೂ ಬದಲಾಗಿಲ್ಲ.

ಹಾಗಾದರೆ ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಒಂದಷ್ಟು ಹೆಸರಿಗೆ, ಬಾಟಲಿಯ ಅಂದಕ್ಕೆ, ಜಾಹೀರಾತಿಗೆ. ಒಂದಷ್ಟು ಮಾತ್ರ ನಮ್ಮ ಉಗುರಿಗೆ ತಲುಪುತ್ತದೆ: ಪುಡಿಯನ್ನು ಎಷ್ಟು ನುಣ್ಣಗೆ ಅರೆದಿದ್ದಾರೆ, ಎಷ್ಟು ಸಮನಾಗಿ ಬೆರೆಸಿದ್ದಾರೆ, ಬ್ರಷ್ ಎಂಥದ್ದು ಅನ್ನುವುದರಲ್ಲಿ.

ಬ್ರಷ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಕೊಳ್ಳುವಾಗ ಯಾರೂ ಅದನ್ನು ನೋಡುವುದಿಲ್ಲ. ನನ್ನ ಹತ್ತಿರ ಇರುವ ಒಂದು ಅಗ್ಗದ ಬಾಟಲಿಯ ಬ್ರಷ್ ದುಂಡಗೆ, ಸಣ್ಣಗಿದೆ. ಕೂದಲು ಒರಟು, ಎರಡು ಎಳೆ ಪಕ್ಕಕ್ಕೆ ಚಾಚಿಕೊಂಡಿವೆ. ಹೆಬ್ಬೆರಳಿಗೆ ಹಚ್ಚಲು ಐದಾರು ಸಲ ಎಳೆಯಬೇಕು. ಐದನೇ ಎಳೆತಕ್ಕೆ ಬರುವಷ್ಟರಲ್ಲಿ ಮೊದಲ ಎಳೆತದ ಬಣ್ಣ ಅರೆಬರೆ ಒಣಗಿರುತ್ತದೆ. ಅದರ ಮೇಲೆ ಮತ್ತೆ ಬ್ರಷ್ ತಾಗಿದರೆ ಗೆರೆ ಬಿತ್ತು ಅಂತಲೇ. ಚಾಚಿಕೊಂಡ ಆ ಎರಡು ಎಳೆ ಉಗುರಿನ ಪಕ್ಕದ ಚರ್ಮಕ್ಕೂ ಬಣ್ಣ ಮೆತ್ತುತ್ತವೆ. ಅದೇ ಬಣ್ಣದ ದುಬಾರಿ ಬಾಟಲಿಯ ಬ್ರಷ್ ಚಪ್ಪಟೆ, ಅಗಲ, ತುದಿ ದುಂಡಗೆ ಕತ್ತರಿಸಿದ್ದು. ಒತ್ತಿದರೆ ಬೀಸಣಿಗೆಯ ಹಾಗೆ ಅರಳುತ್ತದೆ. ಮಧ್ಯೆ ಒಂದು, ಆ ಕಡೆ ಒಂದು, ಈ ಕಡೆ ಒಂದು, ಮೂರೇ ಎಳೆತಕ್ಕೆ ಮುಗಿಯಿತು.

ಒಂದು ದಿನ ಅಗ್ಗದ ಬಣ್ಣವನ್ನು ದುಬಾರಿ ಬಾಟಲಿಯ ಬ್ರಷ್‌ನಿಂದ ಹಚ್ಚಿ ನೋಡಿದೆ. ಮೊದಲು ಬ್ರಷ್‌ ಅನ್ನು ಬಣ್ಣ ಅಳಿಸುವ ರಿಮೂವರ್‌ನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿಕೊಂಡೆ. ಗೆರೆ ಬೀಳಲೇ ಇಲ್ಲ. ಅಷ್ಟು ದಿನ ಬಣ್ಣವೇ ಕೆಟ್ಟದ್ದು ಅಂದುಕೊಂಡಿದ್ದೆ, ತೊಂದರೆ ಬ್ರಷ್‌ನದ್ದಾಗಿತ್ತು. ಇದು ನಾವೇ ಸರಿಮಾಡಿಕೊಳ್ಳಬಹುದಾದ ಕೊರತೆ. ಖಾಲಿಯಾದ ಒಳ್ಳೆಯ ಬಾಟಲಿಯ ಬ್ರಷ್ ಎಸೆಯಬೇಡಿ. ಆದರೆ ಉಗುರು ತೀರಾ ಸಣ್ಣದಾಗಿದ್ದರೆ ಅಗಲದ ಬ್ರಷ್ಷೇ ಕಷ್ಟ, ಕಿರುಬೆರಳಿನಲ್ಲಿ ಎರಡೂ ಕಡೆ ಚರ್ಮಕ್ಕೆ ತಾಗುತ್ತದೆ. ಅಂಥವರಿಗೆ ಆ ಸಣ್ಣ ಬ್ರಷ್ಷೇ ಒಳ್ಳೆಯದು.

ಯಾವ ಬಣ್ಣಕ್ಕೆ ಯಾವುದು

ಬೆಲೆಯ ವ್ಯತ್ಯಾಸ ಎದ್ದು ಕಾಣುವುದು ತಿಳಿ ಬಣ್ಣಗಳಲ್ಲಿ. ಬಿಳಿ, ತಿಳಿ ಗುಲಾಬಿ, ಚರ್ಮದ ಬಣ್ಣಕ್ಕೆ ಹತ್ತಿರದ ನ್ಯೂಡ್, ತಿಳಿ ನೀಲಿ ಇವುಗಳಿಗೆಲ್ಲ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಬೇಕು. ಅದು ಭಾರದ ಪುಡಿ. ಸರಿಯಾಗಿ ಬೆರೆಯದಿದ್ದರೆ ಉಗುರಿನ ಮೇಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಕೂರುತ್ತದೆ. ನಾನು ನೋಡಿದ ಅಗ್ಗದ ತಿಳಿ ಗುಲಾಬಿಗಳಲ್ಲಿ ಎರಡು ಕೋಟ್ ಹಾಕಿದ ಮೇಲೂ ಉಗುರಿನ ಬಿಳಿ ತುದಿ ಇಣುಕುತ್ತಿತ್ತು. ಮೂರನೇ ಕೋಟ್ ಹಾಕಿದರೆ ಪದರ ದಪ್ಪವಾಗಿ, ಒಣಗುವುದು ತಡವಾಗಿ, ರಾತ್ರಿ ಮಲಗಿ ಎದ್ದಾಗ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಅಚ್ಚೊತ್ತಿರುತ್ತಿತ್ತು. ಇದನ್ನು ನಾವು ಮನೆಯಲ್ಲಿ ಸರಿಮಾಡಲು ಆಗದು. ದಿನಾ ತಿಳಿ ಬಣ್ಣವನ್ನೇ ಹಚ್ಚುವವರು ಒಂದೇ ಒಂದು ಒಳ್ಳೆಯದನ್ನು ತೆಗೆದಿಟ್ಟುಕೊಳ್ಳಿ.

ಕಪ್ಪು, ಕಡು ನೀಲಿ, ಮರೂನ್? ಅಗ್ಗದ್ದು ತಗೊಳ್ಳಿ. ಎರಡು ಕೋಟ್ ಹಾಕಿದರೆ ಪೂರ್ತಿ ಮುಚ್ಚುತ್ತವೆ, ದೂರದಿಂದ ಏಕೆ, ಹತ್ತಿರದಿಂದಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಿನುಗು ಅಂದರೆ ಗ್ಲಿಟರ್ ಇದ್ದರೂ ಅಗ್ಗದ್ದೇ ಸಾಕು. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಬೇರೆ ಬಾಟಲಿಯೇ ಬೇಡ. ಒಂದು ಮ್ಯಾಟ್ ಟಾಪ್ ಕೋಟ್ ಇದ್ದರೆ ಮನೆಯಲ್ಲಿರುವ ಎಲ್ಲ ಬಣ್ಣವೂ ಮ್ಯಾಟ್ ಆಗುತ್ತದೆ. ಕನ್ನಡಿಯ ಹಾಗೆ ಹೊಳೆಯುವ ಲೋಹದ ಬಣ್ಣಗಳಲ್ಲಿ ಮಾತ್ರ ಎಚ್ಚರ. ಅಲ್ಲಿ ಬ್ರಷ್ ಎಳೆದ ಗೆರೆ ಒಂದೊಂದೂ ಕಾಣುತ್ತದೆ. ದುಬಾರಿಯದರಲ್ಲೂ ಕಾಣುತ್ತದೆ.

ಬಾಳಿಕೆಯ ವಿಷಯಕ್ಕೆ ಬಂದರೆ, ಬಣ್ಣಕ್ಕಿಂತ ಅದರ ಕೆಳಗೆ, ಮೇಲೆ ಏನಿದೆ ಅನ್ನುವುದೇ ಮುಖ್ಯ. ಬೆರಳು ಬಿಟ್ಟು ಬೆರಳು ಹಚ್ಚಿ ನೋಡಿದಾಗ, ಒಳ್ಳೆಯ ಬೇಸ್ ಕೋಟ್ ಮತ್ತು ಟಾಪ್ ಕೋಟ್ ನಡುವೆ ಕೂತ ಅಗ್ಗದ ಕೆಂಪು ದುಬಾರಿ ಕೆಂಪಿಗಿಂತ ಒಂದು ದಿನ ಮೊದಲು ಚಕ್ಕೆ ಎದ್ದಿತು, ಅಷ್ಟೇ. ಟಾಪ್ ಕೋಟ್ ಇಲ್ಲದೆ ಹಚ್ಚಿದ ದುಬಾರಿಯದು ಇವೆರಡಕ್ಕಿಂತಲೂ ಮೊದಲೇ ಹೊಳಪು ಕಳೆದುಕೊಂಡಿತು. ಅದಕ್ಕೇ ನನ್ನ ಸಲಹೆ: ಉಗುರಿಗೆ ಅಂತ ಇಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಈ ಎರಡು ಬಣ್ಣವಿಲ್ಲದ ಬಾಟಲಿಗಳಿಗೆ ಹೋಗಲಿ. ಬಣ್ಣದಲ್ಲಿ ಉಳಿಸಿ. ಕೆಂಪು, ಕಡು ಬಣ್ಣಗಳು ಉಗುರನ್ನು ಹಳದಿ ಮಾಡುವುದನ್ನೂ ಬೇಸ್ ಕೋಟ್ ಬಹುಮಟ್ಟಿಗೆ ತಡೆಯುತ್ತದೆ.

ದುಡ್ಡೇ ಬೇಡದ ಮೂರು ಉಪಾಯವೂ ಇದೆ. ಹಚ್ಚುವ ಮೊದಲು ರಿಮೂವರ್ ಅದ್ದಿದ ಹತ್ತಿಯಿಂದ ಉಗುರಿನ ಜಿಡ್ಡು ಒರೆಸಿ. ಸ್ನಾನ ಮಾಡಿದ ಕೂಡಲೇ ಹಚ್ಚಬೇಡಿ, ಉಗುರು ನೀರು ಕುಡಿದು ಉಬ್ಬಿರುತ್ತದೆ, ಆಮೇಲೆ ಒಣಗಿ ಕುಗ್ಗುವಾಗ ಮೇಲಿನ ಬಣ್ಣದ ಹಿಡಿತ ಸಡಿಲವಾಗುತ್ತದೆ. ಕೊನೆಯದಾಗಿ, ಬ್ರಷ್‌ ಅನ್ನು ಉಗುರಿನ ತುದಿಯ ಅಂಚಿನ ಮೇಲೂ ಒಮ್ಮೆ ಎಳೆಯಿರಿ. ಚಕ್ಕೆ ಏಳುವುದು ಆ ಅಂಚಿನಿಂದಲೇ, ಅದು ಮುಚ್ಚಿದ್ದರೆ ನೀರು ಒಳಗೆ ನುಗ್ಗುವುದಿಲ್ಲ. ಕೋಟ್ ತೆಳುವಾಗಿರಲಿ. ಮುಟ್ಟಿದರೆ ಒಣಗಿದೆ ಅನ್ನಿಸಲು ಕೆಲವು ನಿಮಿಷ ಸಾಕು, ಒಳಗಿನವರೆಗೆ ಗಟ್ಟಿಯಾಗಲು ಗಂಟೆಗಳೇ ಬೇಕು.

ಅಳತೆಯನ್ನೂ ನೋಡಿ

ಬೆಲೆ ಹೋಲಿಸುವಾಗ ನಾವು ಬಾಟಲಿಗೆ ಬಾಟಲಿ ಹೋಲಿಸುತ್ತೇವೆ. ಅಗ್ಗದ ಬಾಟಲಿ 5 ಮಿಲಿ ಇರಬಹುದು, ದುಬಾರಿಯದು 15 ಮಿಲಿ. ಬೆಲೆ ನಾಲ್ಕು ಪಟ್ಟು ಅಂದುಕೊಳ್ಳಿ. ಆದರೆ ಬಣ್ಣ ಮೂರು ಪಟ್ಟು ಇದೆ. ಮಿಲಿಗೆ ಲೆಕ್ಕ ಹಾಕಿದರೆ ಜಾಸ್ತಿ ಕೊಡುವುದು ಮೂರನೇ ಒಂದು ಪಾಲು ಮಾತ್ರ. ಇದು ದುಬಾರಿಯ ಪರವಾದ ಮಾತು ಅನ್ನಿಸಬಹುದು. ಆದರೆ 15 ಮಿಲಿ ಬಾಟಲಿಯನ್ನು ತಳದವರೆಗೆ ಮುಗಿಸಿದವರು ಎಷ್ಟು ಜನ? ತಿಂಗಳಿಗೊಮ್ಮೆ ಹಚ್ಚುವವರ ಬಾಟಲಿ ಅರ್ಧಕ್ಕೆ ಬರುವಷ್ಟರಲ್ಲಿ ಅಂಟಂಟಾಗಿರುತ್ತದೆ. ಆಗಾಗ ಬಣ್ಣ ಬದಲಿಸುವ ಆಸೆ ಇರುವವರಿಗೆ ಸಣ್ಣ ಬಾಟಲಿಯೇ ಲಾಭ. ಒಂದೇ ಬಣ್ಣವನ್ನು ಬಿಡದೆ ಹಚ್ಚುವವರಿಗೆ ದೊಡ್ಡದು.

ಗಟ್ಟಿಯಾದ ಪಾಲಿಶ್‌ಗೆ ರಿಮೂವರ್ ಹನಿಸುವವರಿದ್ದಾರೆ. ದಯವಿಟ್ಟು ಬೇಡ. ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಪಾಕವನ್ನೇ ಹಾಳು ಮಾಡುತ್ತದೆ, ಪೊರೆ ಸರಿಯಾಗಿ ಕಟ್ಟುವುದಿಲ್ಲ. ಪಾಲಿಶ್ ಥಿನ್ನರ್ ಅಂತಲೇ ಸಿಗುತ್ತದೆ. ಅದರಲ್ಲಿರುವುದು ಬಾಟಲಿಯಿಂದ ಆರಿಹೋದ ಅದೇ ದ್ರಾವಕಗಳು. ಎರಡು ಮೂರು ಹನಿ ಹಾಕಿ, ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಏಳುತ್ತವೆ.

ಇನ್ನು ಬಾಟಲಿಯ ಮೇಲೆ ಬರೆದಿರುವ ತ್ರೀ ಫ್ರೀ, ಫೈವ್ ಫ್ರೀ, ಟೆನ್ ಫ್ರೀ. ತ್ರೀ ಫ್ರೀ ಅಂದರೆ ಸಾಮಾನ್ಯವಾಗಿ ಟಾಲ್ಯೂಯಿನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲ ಅನ್ನುವ ಮೂರು ರಾಸಾಯನಿಕ ಇಲ್ಲ ಅಂತ. ಅದಕ್ಕಿಂತ ದೊಡ್ಡ ಅಂಕಿಗಳಿಗೆ ಎಲ್ಲರೂ ಒಪ್ಪಿದ ಪಟ್ಟಿ ಇಲ್ಲ. ಒಂದು ಕಂಪನಿಯ ಟೆನ್ ಫ್ರೀ ಇನ್ನೊಂದರ ಟೆನ್ ಫ್ರೀ ಆಗಬೇಕಿಲ್ಲ. ಅಂಕಿ ಬಿಟ್ಟು ಸಾಮಗ್ರಿಗಳ ಪಟ್ಟಿ ಓದಿ. ಅಗ್ಗದ್ದರಲ್ಲೂ ಈ ಮೂರೂ ಇಲ್ಲದವು ಬೇಕಾದಷ್ಟಿವೆ. ಸಾಮಗ್ರಿಗಳ ಪಟ್ಟಿಯೇ ಇಲ್ಲದ ಬಾಟಲಿಯನ್ನು ಮಾತ್ರ, ಎಷ್ಟೇ ಕಮ್ಮಿಗೆ ಸಿಕ್ಕರೂ, ಅಲ್ಲೇ ಬಿಟ್ಟು ಬನ್ನಿ.

ಫೌಂಡೇಶನ್: ಇಲ್ಲಿ ಅವಸರ ಬೇಡ

ಚರ್ಮದ ಬಣ್ಣ ಸಮನಾಗಿ ಕಾಣಲಿ ಅಂತ ಮುಖಕ್ಕೆ ಹಚ್ಚುವ ಫೌಂಡೇಶನ್‌ನಲ್ಲಿ ಅಗ್ಗ, ದುಬಾರಿ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಒಂದೇ: ನನ್ನ ಬಣ್ಣ ಇದರಲ್ಲಿ ಇದೆಯೇ? ಶೇಡ್ ಹೊಂದದಿದ್ದರೆ ಬೇರೆ ಯಾವ ಗುಣವೂ ಉಪಯೋಗಕ್ಕೆ ಬರುವುದಿಲ್ಲ. ಎಷ್ಟೋ ವರ್ಷ ಕಂದು, ಕಪ್ಪು ಮೈಬಣ್ಣದವರಿಗೆ ಅಂಗಡಿಯಲ್ಲಿ ನಾಲ್ಕು ಶೇಡ್ ಕೂಡ ಸಿಗುತ್ತಿರಲಿಲ್ಲ. 2017ರಲ್ಲಿ ಫೆಂಟಿ ಬ್ಯೂಟಿ ಎಂಬ ಕಂಪನಿ ಒಟ್ಟಿಗೇ 40 ಶೇಡ್ ತಂದ ಮೇಲೆ ಉಳಿದವರೂ ಪಟ್ಟಿ ಉದ್ದ ಮಾಡಿದರು. ಈಗ ಕಮ್ಮಿ ಬೆಲೆಯದರಲ್ಲೂ ಆಯ್ಕೆ ಇದೆ. ಆದರೂ ಶೇಡ್‌ನ ಕಡು, ತಿಳಿ ಮಾತ್ರ ನೋಡಿದರೆ ಸಾಲದು, ಒಳಗಿನ ಛಾಯೆಯನ್ನೂ ನೋಡಬೇಕು: ಹಳದಿ ಕಡೆಗಿದೆಯೋ, ಗುಲಾಬಿ ಕಡೆಗಿದೆಯೋ, ಎರಡರ ನಡುವೆಯೋ. ಅಗ್ಗದ ಸಾಲುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಕಡು ಸರಿಯಿರುತ್ತದೆ, ಛಾಯೆ ಇರುವುದಿಲ್ಲ. ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ.

ಮುಂಗೈಗೆ ಹಚ್ಚಿ ನೋಡಿ ಫೌಂಡೇಶನ್ ಕೊಳ್ಳಬೇಡಿ. ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ದವಡೆಯ ಅಂಚಿನಲ್ಲಿ, ಕುತ್ತಿಗೆಗೆ ತಾಗುವಂತೆ, ಅಕ್ಕಪಕ್ಕ ಮೂರು ಗೆರೆ ಎಳೆಯಿರಿ. ಅಂಗಡಿಯ ದೀಪದ ಕೆಳಗೆ ಮೂರೂ ಚೆನ್ನಾಗಿಯೇ ಕಾಣುತ್ತವೆ. ಹೊರಗೆ ಬಿಸಿಲಿಗೆ ಬಂದು ಕನ್ನಡಿ ನೋಡಿ. ಕಣ್ಣಿಗೆ ಕಾಣದೆ ಹೋದ ಗೆರೆಯೇ ನಿಮ್ಮದು. ಆಗಲೂ ಕೊಳ್ಳಬೇಡಿ, ಇನ್ನೊಂದೆರಡು ಗಂಟೆ ಬಿಡಿ. ಚರ್ಮದ ಎಣ್ಣೆ ಸೇರಿದ ಮೇಲೆ ಕೆಲವು ಫೌಂಡೇಶನ್‌ಗಳ ಬಣ್ಣ ಗಾಢವಾಗುತ್ತದೆ, ಕೆಲವು ಕಿತ್ತಳೆ ಕಡೆಗೆ ತಿರುಗುತ್ತವೆ. ನಾನು ಒಮ್ಮೆ ಹೆಸರುವಾಸಿ ದುಬಾರಿ ಫೌಂಡೇಶನ್ ಕೊಂಡು, ಮನೆಗೆ ಬಂದು ಸಂಜೆ ಕನ್ನಡಿ ನೋಡಿದರೆ ಮುಖಕ್ಕೂ ಕುತ್ತಿಗೆಗೂ ಸಂಬಂಧವೇ ಇರಲಿಲ್ಲ. ತುಂಬಾ ಬೇಜಾರಾಗಿತ್ತು. ಆ ಎರಡು ಗಂಟೆ ಕಾದಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು.

ಅಗ್ಗದ್ದರಲ್ಲಿ ಶೇಡ್ ಹೊಂದಿದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಹೊಂದದಿದ್ದರೆ ದುಬಾರಿಗೆ ಹೋಗಿ, ಅದೂ ಟೆಸ್ಟರ್ ಅಥವಾ ಸಣ್ಣ ಸ್ಯಾಂಪಲ್ ಸಿಗುವ ಕಡೆ. ದುಬಾರಿ ಕೌಂಟರ್‌ನ ದೊಡ್ಡ ಅನುಕೂಲ ನನ್ನ ಪ್ರಕಾರ ಅದೇ, ಹಚ್ಚಿ ನೋಡಲು ಬಿಡುತ್ತಾರೆ. ಎಣ್ಣೆ ಚರ್ಮ, ಒಣ ಚರ್ಮದ ವಿಚಾರದಲ್ಲಿ ಬೆಲೆಗಿಂತ ಪಾಕ ನೋಡಬೇಕು. ಒಣ ಚರ್ಮಕ್ಕೆ ಮ್ಯಾಟ್ ಪಾಕ ಹಚ್ಚಿದರೆ ಮೂಗಿನ ಪಕ್ಕ ಹೊಟ್ಟು ಎದ್ದ ಹಾಗೆ ಕಾಣುತ್ತದೆ, ಎಷ್ಟೇ ದುಬಾರಿಯಾಗಿರಲಿ.

ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅಂತ ಹೇಳುವ ಎಸ್‌ಪಿಎಫ್ ಅಂಕಿ ಇದೆ ಅಂತ ಫೌಂಡೇಶನ್‌ಗೆ ಜಾಸ್ತಿ ಕೊಡಬೇಡಿ. ಆ ಅಂಕಿಯನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮೇಕಪ್‌ ಅನ್ನು ಅಷ್ಟು ದಪ್ಪಗೆ ಯಾರೂ ಹಚ್ಚುವುದಿಲ್ಲ. ಸನ್‌ಸ್ಕ್ರೀನ್ ಬೇರೆಯಾಗಿಯೇ ಹಚ್ಚಿಕೊಳ್ಳಬೇಕು.

ತುಟಿ ಮತ್ತು ಕಣ್ಣು

ಲಿಪ್‌ಸ್ಟಿಕ್ ಅಂದರೆ ಮೇಣ, ಎಣ್ಣೆ, ಬಣ್ಣ. ಕಾರ್ನೌಬಾ ಮೇಣ, ಜೇನುಮೇಣ, ಹರಳೆಣ್ಣೆ ಇವು ಎರಡೂ ಬೆಲೆಯವುಗಳ ಪಟ್ಟಿಯಲ್ಲಿ ಸಿಗುತ್ತವೆ. ಒಂದು ಕಡ್ಡಿಯಲ್ಲಿ ಇರುವುದು ಹೆಚ್ಚೆಂದರೆ ಮೂರ್ನಾಲ್ಕು ಗ್ರಾಂ. ದುಬಾರಿಯದರಲ್ಲಿ ನನಗೆ ಇಷ್ಟವಾಗುವುದು ಅದು ತುಟಿಯ ಮೇಲೆ ಜಾರುವ ರೀತಿ, ವಾಸನೆ ಹಿತವಾಗಿರುವುದು, ಮುಚ್ಚಳ ಟಕ್ಕೆಂದು ಕೂರುವುದು. ಬಣ್ಣ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಬೆಲೆಯ ಮೇಲೆ ನಿಂತಿಲ್ಲ, ಬಗೆಯ ಮೇಲೆ ನಿಂತಿದೆ. ಕೆನೆಯಂಥ ಕಡ್ಡಿ ಲಿಪ್‌ಸ್ಟಿಕ್ ಒಂದು ಊಟಕ್ಕೆ ಹೋಗುತ್ತದೆ. ಲೋಟಕ್ಕೆ, ಬಟ್ಟೆಗೆ ಅಂಟದ ಲಿಕ್ವಿಡ್ ಲಿಪ್‌ಸ್ಟಿಕ್‌ಗಳಲ್ಲಿ ಹೆಚ್ಚಾಗಿ ಐಸೋಡೋಡೆಕೇನ್ ಎಂಬ ದ್ರವ ಆರಿಹೋಗಿ, ಸಿಲಿಕೋನ್ ರೆಸಿನ್ನಿನ ಪೊರೆ ಉಳಿಯುತ್ತದೆ. ಆ ಕೆಲಸವನ್ನು ಅಗ್ಗದ್ದೂ ಚೆನ್ನಾಗಿಯೇ ಮಾಡುತ್ತದೆ. ತುಟಿ ಒಡೆಯುವವರು ಅಂಥದ್ದನ್ನು ದಿನಾ ಹಚ್ಚದಿರುವುದು ಒಳ್ಳೆಯದು.

ನನ್ನ ಪರೀಕ್ಷೆ ಸುಲಭ. ಒಂದನ್ನು ತುಟಿಯ ಎಡ ಅರ್ಧಕ್ಕೆ, ಇನ್ನೊಂದನ್ನು ಬಲ ಅರ್ಧಕ್ಕೆ ಹಚ್ಚಿ ಮನೆಯಲ್ಲೇ ಇರುತ್ತೇನೆ. ನೀರು ಕುಡಿದು, ಊಟ ಮಾಡಿ, ಮತ್ತೆ ಕನ್ನಡಿ. ಬಣ್ಣ ಮಾಸುವ ರೀತಿ ನೋಡಿ. ಸಮನಾಗಿ ಮಾಸಿದರೆ ಒಳ್ಳೆಯದು. ಒಳ ಅಂಚಿನಲ್ಲಿ ಪೂರ್ತಿ ಹೋಗಿ, ಸುತ್ತ ಗೆರೆ ಮಾತ್ರ ಉಳಿದರೆ ಅದು ಯಾವ ಬೆಲೆಯದ್ದಾದರೂ ಬೇಡ.

ಮಸ್ಕರಾ ಅಗ್ಗದ್ದೇ ತಗೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬ್ರಷ್ ರೆಪ್ಪೆಗೆ ತಾಗಿ ಮತ್ತೆ ಕತ್ತಲ ಕೊಳವೆಯೊಳಗೆ ಹೋಗುತ್ತದೆ, ತೇವ ಇರುತ್ತದೆ, ರೋಗಾಣು ಬೆಳೆಯಲು ಅಷ್ಟು ಸಾಕು. ಮೂರರಿಂದ ಆರು ತಿಂಗಳಲ್ಲಿ ಎಸೆಯಲೇಬೇಕು. ಎಸೆಯುವುದಕ್ಕೆ ಯಾಕೆ ಜಾಸ್ತಿ ಕೊಡಬೇಕು, ಅಲ್ವಾ?

ಐಶ್ಯಾಡೋದಲ್ಲಿ ವಿಷಯ ಬೇರೆ. ಅಗ್ಗದ ಮ್ಯಾಟ್ ಶ್ಯಾಡೋಗೆ ಬ್ರಷ್ ತಾಗಿಸಿದರೆ ಪುಡಿ ಹಾರುತ್ತದೆ, ಕೆನ್ನೆಯ ಮೇಲೆಲ್ಲ ಉದುರುತ್ತದೆ. ಎರಡು ಬಣ್ಣ ಬೆರೆಸಲು ಹೋದರೆ ಎರಡೂ ಸೇರಿ ಕೆಸರಿನ ಬಣ್ಣ. ಶ್ಯಾಡೋಗೆ ಮೊದಲು ರೆಪ್ಪೆಗೆ ಬಳಿಯುವ ಪ್ರೈಮರ್ ಹಚ್ಚಿದರೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಮಿನುಗುವ ಶ್ಯಾಡೋ ಮಾತ್ರ ಕಮ್ಮಿ ಬೆಲೆಯದೂ ಸೊಗಸಾಗಿರುತ್ತದೆ, ಬೆರಳಿನಲ್ಲಿ ಒತ್ತಿ ಹಚ್ಚಿ ನೋಡಿ. ಹಾಗಾಗಿ ಹದಿನೆಂಟು ಬಣ್ಣದ ದೊಡ್ಡ ಪ್ಯಾಲೆಟ್ ಬದಲು, ದಿನಾ ಬಳಸುವ ಎರಡು ಮೂರು ಮ್ಯಾಟ್ ಕಂದು ಬಣ್ಣ ಒಳ್ಳೆಯದರಲ್ಲಿ, ಮಿನುಗು ಅಗ್ಗದ್ದರಲ್ಲಿ. ಬ್ಲಶ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ಅಗ್ಗದ್ದು ಸಾಕು, ಕೈ ಹಗುರ ಇರಲಿ. ಮೇಕಪ್ ಬ್ರಷ್‌ಗಳಿಗೆ ಮಾತ್ರ ದುಡ್ಡು ಹಾಕಿದರೆ ಮೋಸವಿಲ್ಲ. ಮೆತ್ತನೆಯ, ಕೂದಲು ಉದುರದ ಬ್ರಷ್ ವರ್ಷಗಟ್ಟಲೆ ಬರುತ್ತದೆ, ಅಗ್ಗದ ಪುಡಿಯನ್ನೂ ಚೆನ್ನಾಗಿ ಕೂರಿಸುತ್ತದೆ. ನೇಲ್ ಪಾಲಿಶ್‌ನಲ್ಲಿ ಕಂಡ ಅದೇ ಬ್ರಷ್ ಕಥೆ ಇಲ್ಲೂ.

ಒಂದೇ ಮನೆಯವು, ಮತ್ತು ನಕಲಿಗಳು

ದುಬಾರಿ ಲ್ಯಾಂಕೋಮ್ ಮತ್ತು ಅಗ್ಗದ ಮೇಬೆಲಿನ್ ಎರಡೂ ಲೋರಿಯಲ್ ಎಂಬ ಒಂದೇ ಕಂಪನಿಯ ಒಡೆತನದವು. ಮೇಬೆಲಿನ್ ಅದರ ಕೈಸೇರಿದ್ದು 1996ರಲ್ಲಿ, ನೇಲ್ ಪಾಲಿಶ್‌ಗೆ ಹೆಸರಾದ ಎಸ್ಸಿ 2010ರಲ್ಲಿ. ಇದರಿಂದ ಅಗ್ಗದ್ದೂ ದುಬಾರಿಯದೂ ಒಂದೇ ಪಾಕ ಅಂತ ಹೇಳುವವರಿದ್ದಾರೆ. ಹಾಗೆ ಹೇಳಲು ಆಗುವುದಿಲ್ಲ. ಒಡೆಯ ಒಬ್ಬನೇ ಆದರೂ ಪಾಕ ಬೇರೆ ಇರಬಹುದು. ಅನುಮಾನ ಬಂದರೆ ಎರಡರ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಓದಿ. ಸಾಮಗ್ರಿಗಳನ್ನು ಜಾಸ್ತಿ ಇರುವುದರಿಂದ ಕಮ್ಮಿ ಇರುವುದರ ಕಡೆಗೆ ಬರೆದಿರುತ್ತಾರೆ. ಶೇಕಡಾ ಒಂದಕ್ಕಿಂತ ಕಮ್ಮಿ ಇರುವವನ್ನು ಮತ್ತು ಬಣ್ಣಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮೊದಲ ಐದಾರು ಹೆಸರು ಎರಡರಲ್ಲೂ ಒಂದೇ ಆದರೆ ಅಗ್ಗದ್ದನ್ನು ಹಚ್ಚಿ ನೋಡುವ ಧೈರ್ಯ ಮಾಡಬಹುದು.

ದುಬಾರಿ ಹೆಸರಿನ ಸಾಮಾನು ತೀರಾ ಕಮ್ಮಿಗೆ ಸಿಕ್ಕಿತು ಅಂದರೆ ಖುಷಿಪಡುವ ಮೊದಲು ನಿಲ್ಲಿ. ನಕಲಿ ಲಿಪ್‌ಸ್ಟಿಕ್, ನಕಲಿ ಐಲೈನರ್‌ಗಳಲ್ಲಿ ಏನು ಬೆರೆಸಿದ್ದಾರೆ ಅಂತ ಯಾವ ಚೀಟಿಯೂ ನಿಜ ಹೇಳುವುದಿಲ್ಲ. ಸೀಸದಂಥ ಲೋಹ ಸಿಕ್ಕ ಉದಾಹರಣೆಗಳಿವೆ. ಕಣ್ಣಿಗೂ ತುಟಿಗೂ ತಾಗುವ ವಸ್ತು ಅದು. ಅಂಥದ್ದಕ್ಕಿಂತ ಅಗ್ಗದ, ಆದರೆ ಅಸಲಿ ಸಾಮಾನು ಎಷ್ಟೋ ಪಾಲು ಮೇಲು. ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಮತ್ತು ಒಳಗಿನ ಬಾಟಲಿಯ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿ. ಅಕ್ಷರ ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಮುಚ್ಚಳ ಸಡಿಲ ಇದ್ದರೆ ವಾಪಸ್ ಕೊಡಿ. ಬಾಯಿ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಅಂತ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ. ನಾನು ತೆರೆದ ದಿನವೇ ಒಂದು ಸಣ್ಣ ಚೀಟಿಯಲ್ಲಿ ತಾರೀಕು ಬರೆದು ತಳಕ್ಕೆ ಅಂಟಿಸುತ್ತೇನೆ, ಅಗ್ಗದ್ದಕ್ಕೂ, ದುಬಾರಿಯದಕ್ಕೂ.